ಜರ್ಮನ್‌ನಲ್ಲಿ ಹೇಳಿದ್ದು ಅತ್ತೆಗೆ ಕೇಳಿಸಿತು

ನಮ್ಮ ಅತ್ತೆ ಮತ್ತು ಗೋಡೆಯಾಚೆಯ ಅವರ ಓರಗಿತ್ತಿ ದಿನಾ ಸಂಜೆ ಬಚ್ಚಲ ನೀರಿನ ಸಲುವಾಗಿ ಜಗಳಕ್ಕೆ ನಿಲ್ಲುತ್ತಿದ್ದರು. ನನ್ನ ಜರ್ಮನ್ ಕ್ಲಾಸೂ ಅದೇ ಹೊತ್ತಿಗೆ, ಮೊಬೈಲಿನಲ್ಲಿ. ನರಗುಂದದ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದ ನನಗೆ ಜರ್ಮನಿಯ ಕೆಲಸ ಬೇಕಿತ್ತು. ಭಾಷೆ ಹೇಗೋ ಕಲಿಯಬಹುದು. ನಾಲ್ಕು ವರ್ಷದ ಮಗಳನ್ನು ನಾನು ಅಲ್ಲಿ ನೆಲೆಯೂರುವ ತನಕ ಯಾರು ನೋಡಿಕೊಳ್ಳಬೇಕು? ಅತ್ತೆ ಒಪ್ಪದಿದ್ದರೆ ಕಥೆ ಮುಗಿಯಿತು. ಗಂಡನನ್ನು ಕೇಳಿದರೆ "ನಮ್ಮವ್ವನ್ನ ಕೇಳು" ಎಂದು ತನ್ನ ಬೀಜದಂಗಡಿಗೆ ಹೊರಟುಬಿಡುತ್ತಿದ್ದ. ಮಹಾ ಶೂರ.

ಅತ್ತೆಗೆ ಹೇಳದೆ ಬಿಟ್ಟಿದ್ದೆನೆಂದಲ್ಲ. ರೊಟ್ಟಿ ಬಡಿಯುವಾಗ ಹೇಳಿದೆ, ಜೋಳ ಹಸನು ಮಾಡುವಾಗ ಹೇಳಿದೆ. "ಹೂಂ, ಆ ಬುಟ್ಟಿ ಈ ಕಡೆ ಸರಿಸು" ಎನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಅಂದರೇನೆಂದು ನನಗೆ ಗೊತ್ತಾಗಿದ್ದು ಆಗಲೇ.

ಒಂದು ಸಂಜೆ ಟೀಚರು 'ಔಫ್‌ಹೋರೆನ್' ಎಂಬ ಕ್ರಿಯಾಪದವನ್ನು ಬಿಡಿಸಿದರು. ಅರ್ಥ, ನಿಲ್ಲಿಸುವುದು. 'ಹೋರೆನ್' ಅಂದರೆ ಕೇಳುವುದು, 'ಔಫ್' ಅಂದರೆ ಮೇಲೆ. ಹಿಂದೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು, ತಲೆಯೆತ್ತಿ ಕಿವಿಗೊಡುತ್ತಿದ್ದರಂತೆ. ಹಾಗೆ ಕಿವಿಗೊಡುವುದೇ ಬರುಬರುತ್ತ ನಿಲ್ಲಿಸುವುದು ಎಂದಾಯಿತಂತೆ. ನನಗೆ ನಗು ತಡೆಯಲಾಗಲಿಲ್ಲ. ಕೇಳುವುದಕ್ಕಾಗಿ ನಿಲ್ಲಿಸುವ ಜನ! ನಮ್ಮ ಓಣಿಯಲ್ಲಿ ಅಂಥವರು ಹುಟ್ಟಿಯೇ ಇಲ್ಲ. ಹೊರಗೆ ಅತ್ತೆ ಆಗಲೇ ಓರಗಿತ್ತಿಯ ನರೇಗಲ್ಲಿನ ತವರುಮನೆಯನ್ನು ಜಾಲಾಡುತ್ತಿದ್ದರು.

ಆ ಕ್ರಿಯಾಪದ ಬಳಸಿ ಒಂದು ವಾಕ್ಯ ಹೇಳು ಎಂದು ಟೀಚರು ನನ್ನನ್ನೇ ಹಿಡಿದರು. ನರಗುಂದದ ಕೆಲಸ ನಿಲ್ಲಿಸಿ ಜರ್ಮನಿಗೆ ಹೋಗುತ್ತೇನೆ ಎಂದು ಜರ್ಮನ್‌ನಲ್ಲೇ, ಜಗಳವನ್ನು ಮೀರಿಸುವಷ್ಟು ಗಟ್ಟಿಯಾಗಿ ಹೇಳಿದೆ.

ಬೈಗುಳ ಅರ್ಧಕ್ಕೆ ನಿಂತಿತು. ಅತ್ತೆ ಬಾಗಿಲಿಗೆ ಬಂದರು. "ನರಗುಂದ ಅಂದೆಲ್ಲಾ, ಏನಂದಿ ನಮ್ಮ ನರಗುಂದಕ್ಕ?"

ಅವರಿಗೆ ತಿಳಿದಿದ್ದು ಅದೊಂದೇ ಶಬ್ದ. "ಬಿಟ್ಟ ಹೋಗ್ತೀನಿ ಅಂದ್ನಿರಿ," ಅಂದೆ.

ಅತ್ತೆ ನನ್ನೆದುರು ಕೂತರು. "ಕನ್ನಡದಾಗ ಹೇಳು. ಎಲ್ಲಾ ಹೇಳು."

ಟೀಚರಿಗೆ ಹೇಳದೆಯೇ ಮೊಬೈಲು ಆಫ್ ಮಾಡಿ ಎಲ್ಲ ಹೇಳಿದೆ. ನಡುವೆ ಒಮ್ಮೆಯೂ ಅವರು ಬಾಯಿ ಹಾಕಲಿಲ್ಲ. ನನಗೆ ಭಯವೇ ಆಯಿತು.

"ಹೋಗಿ ಬಾ," ಅಂದರು ಕೊನೆಗೆ. "ಹುಡುಗಿ ನನ್ನ ಹಂತ್ಯಾಕ ಇರ್ಲಿ. ನೀ ಬರೂದ್ರಾಗ ಆಕಿಗೆ ಜಗಳಾ ಮಾಡೂದು ಚಲೋತ್ನಂಗ ಕಲಿಸಿರ್ತೀನಿ."

ನಕ್ಕೆ. ಇಷ್ಟು ದಿನ ನನಗೆ ಬೇಕಾಗಿದ್ದೂ ಇದೇ ಮಾತು. ಆದರೆ ಅವರ ಸೆರಗು ಹಿಡಿದು ನಿಂತಿದ್ದ ಮಗಳ ಮುಖ ನೋಡುವ ಧೈರ್ಯ ಅವತ್ತು ನನಗೆ ಬರಲಿಲ್ಲ.