ಐದು ಕುರ್ಚಿಗಳ ಲೆಕ್ಕ

ನಲವತ್ತಾರನೇ ವಯಸ್ಸಿನಲ್ಲಿ ಪರೀಕ್ಷೆಗೆ ಓದಲು ಕೂತರೆ ತಲೆಗಿಂತ ಮೊದಲು ಸೊಂಟ ಸೋಲುತ್ತದೆ. ಗಂಡನ ಕೆಲಸಕ್ಕೆಂದು ಬಂದ ಪರದೇಶದ ಸುಬಾಂಗ್ ಜಯಾದಲ್ಲಿ, ನಮ್ಮ ಮನೆ ಹತ್ತಿರದ ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಮಗಳ ಟ್ಯೂಷನ್ ಮುಗಿಯುವವರೆಗೆ, ಒಂದು ಲೋಟ ಚಹಾ ಮುಂದಿಟ್ಟುಕೊಂಡು ನಾನು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯ ಒಗಟುಗಳನ್ನು ಬಿಡಿಸುತ್ತಿದ್ದೆ. ಏಳು ಜನ ಸಾಲಾಗಿ ನಿಂತಿದ್ದಾರೆ, ಹಸಿರು ಅಂಗಿಯವನು ವೈದ್ಯನ ಎಡಕ್ಕಿಲ್ಲ, ಶಿಕ್ಷಕಿ ತುದಿಯಲ್ಲಿಲ್ಲ, ಹಾಗಾದರೆ ನಡುವೆ ಯಾರು? ಯಾರಾದರೆ ನನಗೇನು ಅನ್ನಿಸುತ್ತಿತ್ತು. ಮಧ್ಯಾಹ್ನದ ಸೆಕೆಗೆ ಕಾಗದ ಮುಂಗೈಗೆ ಅಂಟಿಕೊಳ್ಳುತ್ತಿತ್ತು. ಚಹಾ ಆರಿ ಮೇಲೆ ಕೆನೆ ಕಟ್ಟುತ್ತಿತ್ತು.

ಅದು ನನ್ನ ಎರಡನೇ ಪ್ರಯತ್ನ, ಕೊನೆಯದೂ ಹೌದು. ಆ ಕಾಲೇಜಿನಲ್ಲಿ ಒಬ್ಬರು ಎರಡೇ ಸಲ ಪರೀಕ್ಷೆ ಬರೆಯಬಹುದು. ಹಿಂದಿನ ವರ್ಷ ಉಳಿದ ಎಲ್ಲ ಭಾಗಗಳಲ್ಲೂ ಪಾಸಾಗಿ, ಒಗಟಿನ ಭಾಗದಲ್ಲಿ ಮಾತ್ರ ಎರಡು ಅಂಕಕ್ಕೆ ಬಿದ್ದಿದ್ದೆ. ಅಲ್ಲಿ ಪ್ರತಿ ಭಾಗವನ್ನೂ ಬೇರೆಯಾಗಿಯೇ ಪಾಸು ಮಾಡಬೇಕು. ಸಂಜೆ ತರಗತಿಯ ಕೋರ್ಸಿಗೆ ಮೂರು ವರ್ಷ, ನನ್ನ ಗಂಡನ ಸಾಫ್ಟ್‌ವೇರ್ ಕೆಲಸದ ಒಪ್ಪಂದ ಉಳಿದದ್ದು ಮೂರೂವರೆ ವರ್ಷ. ಈ ಸಲ ಸೀಟು ಸಿಗದಿದ್ದರೆ ವಕೀಲಳಾಗುವ ಆಸೆಗೆ ಎಳ್ಳುನೀರು ಬಿಟ್ಟ ಹಾಗೆಯೇ.

"ಇಲ್ಲಿ ನಿಂಗೆ ಕೆಲಸ ಮಾಡೋಕೆ ಪರ್ಮಿಷನ್ ಇಲ್ಲ. ಊರಿಗೆ ಹೋಗೋಷ್ಟರಲ್ಲಿ ಐವತ್ತಾಗಿರತ್ತೆ, ಅಲ್ಲಿ ಮತ್ತೆ ಇನ್ನೊಂದು ಎಕ್ಸಾಮ್ ಬರೀಬೇಕಂತೆ. ಓದಿ ಏನ್ ಮಾಡ್ತೀಯಾ?" ಎಂದು ಗಂಡ ಕೇಳಿದ್ದರು. ವ್ಯಂಗ್ಯವಾಗಿ ಕೇಳಿದ್ದರೆ ಜಗಳವಾಡಬಹುದಿತ್ತು. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಉತ್ತರ ನನ್ನ ಬಳಿ ಇತ್ತು, ಬಾಯಿಗೆ ಬರಲಿಲ್ಲ. "ನೋಡೋಣ ರೀ" ಎಂದು ಅನ್ನಕ್ಕಿಡಲು ಎದ್ದು ಹೋದೆ.

ಶನಿವಾರ ಬೆಳಿಗ್ಗೆ ಎಲ್‌ಆರ್‌ಟಿ ರೈಲು ಹಿಡಿದು ಪೆಟಾಲಿಂಗ್ ಜಯಾಕ್ಕೆ ಕೋಚಿಂಗಿಗೆ ಹೋಗುತ್ತಿದ್ದೆ. ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹತ್ತು ಮೇಜು, ಒಂದು ಬಿಳಿ ಹಲಗೆ. ಉಳಿದವರೆಲ್ಲ ನನ್ನ ಮಗಳಿಗಿಂತ ಎರಡೋ ಮೂರೋ ವರ್ಷ ದೊಡ್ಡವರು. ನನ್ನನ್ನು ಆಂಟಿ ಎಂದು ಕರೆದು ಗಾಳಿ ಬರುವ ಜಾಗ ಬಿಟ್ಟುಕೊಡುತ್ತಿದ್ದರು. ಕಲಿಸುತ್ತಿದ್ದವರು ವಕೀಲಿ ವೃತ್ತಿಯಿಂದ ನಿವೃತ್ತರಾದ ಎಪ್ಪತ್ತರ ಹೆಂಗಸು, ಇಲ್ಲಿಯೇ ಹುಟ್ಟಿ ಬೆಳೆದ ತಮಿಳರು. ಅವರನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದೆವು. ಒಂದು ಶನಿವಾರ ಅವರು ನನ್ನ ಅಭ್ಯಾಸದ ಪತ್ರಿಕೆಯನ್ನು ಹಿಂತಿರುಗಿಸುವಾಗ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು ನಿಂತರು.

ಪ್ರಶ್ನೆ ಸರಳವಾಗಿತ್ತು. ಊಟಕ್ಕೆ ಒಬ್ಬ ಹೆಂಗಸು, ಅವಳ ಇಬ್ಬರು ಹೆಣ್ಣುಮಕ್ಕಳು, ಅವಳ ತಮ್ಮ ಮತ್ತು ಅವಳ ದೊಡ್ಡ ಮಗಳ ಗಂಡ ಬಂದಿದ್ದಾರೆ. ಕನಿಷ್ಠ ಎಷ್ಟು ಕುರ್ಚಿ ಬೇಕು? ನಾನು ನಾಲ್ಕು ಎಂದು ಬರೆದಿದ್ದೆ.

"ನಾಲ್ಕು ಹೇಗೆ ಬಂತು?" ಎಂದು ಕೇಳಿದರು.

"ತಮ್ಮನೇ ಅಳಿಯ ಆಗಿದ್ದರೆ ನಾಲ್ಕು ಸಾಕಲ್ಲ ಟೀಚರ್. ಕನಿಷ್ಠ ಅಂತ ಕೇಳಿದ್ದಾರೆ" ಎಂದೆ.

ತರಗತಿಯ ಮಕ್ಕಳು ನಾನು ತಮಾಷೆ ಮಾಡಿದೆನೆಂದುಕೊಂಡು ನಕ್ಕರು. ಟೀಚರ್ ನಗಲಿಲ್ಲ. ತರಗತಿ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು, ಇಂಗ್ಲಿಷಿಗೆ ಅಷ್ಟಿಷ್ಟು ತಮಿಳು, ಮಾತಿನ ಕೊನೆಗೆ ಇಲ್ಲಿನವರ 'ಲಾ' ಬೆರೆಸಿ ಹೇಳಿದರು: "ನಮ್ಮಲ್ಲೂ ಇತ್ತು ಲಾ. ನನ್ನ ಪಾಟಿ, ಅಂದರೆ ಅಜ್ಜಿ, ತನ್ನ ಸ್ವಂತ ಮಾಮನನ್ನೇ ಮದುವೆಯಾದವಳು. ಆದರೆ ಈ ಪೇಪರ್ ಬರೆದವರಿಗೆ ನಿನ್ನ ಮನೆಯೂ ಗೊತ್ತಿಲ್ಲ, ನನ್ನ ಮನೆಯೂ ಗೊತ್ತಿಲ್ಲ. ಅವರಿಗೆ ಅಮ್ಮನ ತಮ್ಮ ಒಬ್ಬ, ಅಕ್ಕನ ಗಂಡ ಇನ್ನೊಬ್ಬ. ನಿನಗೆ ಸೀಟ್ ಬೇಕಾ, ವಾದ ಬೇಕಾ?"

ಸೀಟೇ ಬೇಕಿತ್ತು. ಆದರೂ ವಾಪಸು ಬರುವಾಗ ರೈಲಿನಲ್ಲಿ ಕಂಬಿ ಹಿಡಿದು ನಿಂತು ಒಳಗೊಳಗೇ ಕುದಿಯುತ್ತಿದ್ದೆ. ನನ್ನ ಉತ್ತರದಲ್ಲಿ ತಪ್ಪೇನಿದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರು ಬೇಕಾದರೂ ಆಡಿಕೊಳ್ಳಲಿ, ಇಲ್ಲಿ ನೆಲ ಡೊಂಕಾಗಿದ್ದದ್ದು ನಿಜ. ಮನೆಗೆ ಬಂದು ಹಳೆಯ ಪತ್ರಿಕೆಗಳನ್ನೆಲ್ಲ ಹರಡಿ ನೋಡಿದೆ. ಸಾಲು, ಸರದಿ, ಬಣ್ಣ, ವಾರ ಇವೆಲ್ಲ ಸರಿಯಾಗಿದ್ದವು. ಸಂಬಂಧಗಳ ಒಗಟು ಬಂದಲ್ಲೆಲ್ಲ ಒಂದು ತಲೆ ಕಡಿಮೆ ಎಣಿಸಿದ್ದೆ. ಹಿಂದಿನ ವರ್ಷ ಕಳೆದುಕೊಂಡ ಎರಡು ಅಂಕ ಎಲ್ಲಿ ಹೋದವೆಂದು ಆಗ ಗೊತ್ತಾಯಿತು.

ಹದಿನಾರರ ಮಗಳು ಫ್ರಿಜ್ಜಿನಿಂದ ನೀರು ತೆಗೆದುಕೊಂಡು ಹೋಗುವವಳು ನಿಂತು ಆ ಕುರ್ಚಿಯ ಪ್ರಶ್ನೆ ಓದಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ.

"ಸೋ ಈಸಿ ಲಾ ಅಮ್ಮಾ. ಫೈವ್."

"ನಿನ್ನ ದೊಡ್ಡಮ್ಮನ ಮನೇಲಾದ್ರೆ ನಾಲ್ಕೇ" ಎಂದೆ.

ಅವಳಿಗೆ ತಿಳಿಯಲಿಲ್ಲ. ಹಾಳೆಯೊಂದನ್ನು ಎಳೆದುಕೊಂಡು ನಮ್ಮ ವಂಶವೃಕ್ಷ ಬರೆಯತೊಡಗಿದಳು. ಅಜ್ಜಿ, ಅಜ್ಜಿಯ ಕೆಳಗೆ ದೊಡ್ಡಮ್ಮ ಮತ್ತು ನಾನು, ಅಜ್ಜಿಯ ಪಕ್ಕ ಅಜ್ಜಿಯ ತಮ್ಮ. ದೊಡ್ಡಮ್ಮನ ಗಂಡನಿಗೆ ಜಾಗ ಮಾಡಿದಾಗ ನಾನು ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ, ಮೇಲಿದ್ದ ಅಜ್ಜಿಯ ತಮ್ಮನಿಂದ ದೊಡ್ಡಮ್ಮನವರೆಗೆ ಒಂದು ಗೆರೆ ಎಳೆದೆ. ದೊಡ್ಡಪ್ಪನನ್ನು ಅವಳು ಚಿಕ್ಕಂದಿನಲ್ಲಿ ಒಂದೆರಡು ಸಲ ನೋಡಿದ್ದಳಷ್ಟೇ. ಆ ಗೆರೆಯ ಮೇಲೆ ಬೆರಳಾಡಿಸಿ ಅವಳು ಕೇಳಿದ್ದು, ಇಪ್ಪತ್ತು ವರ್ಷದಿಂದ ನಮ್ಮ ಕುಟುಂಬದಲ್ಲಿ ಯಾರೂ ಕೇಳದ ಪ್ರಶ್ನೆ.

"ದೆನ್ ವೆನ್ ಹಿ ಲೆಫ್ಟ್ ದೊಡ್ಡಮ್ಮ, ಹೂಸ್ ಸೈಡ್ ವಾಸ್ ಅಜ್ಜಿ ಆನ್?"

ಹೇಳಿದೆ. ಗಂಡನಿಗೆ ಹೇಳಲಾಗದ್ದು ಆ ಮಧ್ಯಾಹ್ನ ಮಗಳಿಗೆ ಹೇಳಿದೆ. ನನ್ನ ಅಕ್ಕನನ್ನು ಇಪ್ಪತ್ತನೇ ವಯಸ್ಸಿಗೆ ಅಮ್ಮ ತನ್ನ ಕಿರಿಯ ತಮ್ಮನಿಗೇ ಕೊಟ್ಟಳು. ಹೆಣ್ಣು ಹೊರಗೆ ಹೋಗುವುದಿಲ್ಲ, ಕಣ್ಣೆದುರಿಗೇ ಇರುತ್ತಾಳೆ ಎಂದು ಎಲ್ಲರಿಗೂ ಸಂತೋಷ. ಏಳು ವರ್ಷವಾದ ಮೇಲೆ ಮಾವ ಹಾಸನದ ಕಡೆ ಇನ್ನೊಂದು ಸಂಸಾರ ಹೂಡಿದರು. ಅಕ್ಕ ಒಂದು ಸೂಟ್‌ಕೇಸ್ ಹಿಡಿದು ಮೈಸೂರಿಗೆ, ನಮ್ಮ ಮನೆಗೆ ಬಂದಳು. ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮನಿಗೆ ಅದು ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಗಳ ಪರ ನಿಂತರೆ ತಮ್ಮನನ್ನು ಕೋರ್ಟಿಗೆ ಎಳೆಯಬೇಕು, ತಮ್ಮನ ಪರ ನಿಂತರೆ ಮಗಳ ಮುಖ ನೋಡುವಂತಿಲ್ಲ. ಅಮ್ಮ ಯಾರ ಪರವೂ ನಿಲ್ಲಲಿಲ್ಲ. ಅಡುಗೆ ಮಾಡಿದಳು, ಪೂಜೆ ಮಾಡಿದಳು, ಆ ವಿಷಯ ಎತ್ತಿದರೆ ಎದ್ದು ಹೋದಳು.

ಎರಡು ವರ್ಷದ ಮೇಲೆ ನನ್ನ ಮದುವೆ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅದು ನಮ್ಮ ಪದ್ಧತಿ. ಅಮ್ಮನಿಗೆ ಇದ್ದದ್ದು ಒಬ್ಬನೇ ತಮ್ಮ. ಮಾವ ಹೊಸ ಪಂಚೆ ಉಟ್ಟು ಬಂದರು. ಸಾಲಾಗಿ ಕೂತಿದ್ದ ನೆಂಟರ ನಡುವೆ ನನ್ನ ಕೈ ಹಿಡಿದು ನಡೆಸಿಕೊಂಡು ಹೋದರು. ಮಂಟಪದ ಮೆಟ್ಟಿಲ ಪಕ್ಕ ಆರತಿ ತಟ್ಟೆ ಹಿಡಿದು ಅಕ್ಕ ನಿಂತಿದ್ದಳು. ನಾನು ಆ ಕೈ ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಂಡಿದ್ದರೆ ಮದುವೆ ನಿಲ್ಲುತ್ತಿತ್ತೋ ಏನೋ, ಆ ಭಯ ನನಗಿತ್ತು. ಅಕ್ಕ ಮಾವನಿಗೂ ನನಗೂ ಸೇರಿಸಿ ಆರತಿ ಎತ್ತಿದಳು. ಇವತ್ತಿಗೂ ನಾಚಿಕೆಯಾಗುತ್ತದೆ.

"ಡಿಡ್ ಶಿ ಗೋ ಟು ಎ ಲಾಯರ್?" ಮಗಳು ಕೇಳಿದಳು.

"ಯಾರು ಕರ್ಕೊಂಡ್ ಹೋಗ್ಬೇಕಿತ್ತು ಹೇಳು" ಎಂದೆ. ಅಕ್ಕ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ವಿಚ್ಛೇದನವಿಲ್ಲ, ಜೀವನಾಂಶವಿಲ್ಲ, ಒಂದು ನೋಟಿಸು ಕೂಡ ಇಲ್ಲ. ಅಮ್ಮ ತೀರಿಕೊಂಡ ದಿನ ಮಾವ ಬಂದು ಅಂಗಳದಲ್ಲಿ ಅತ್ತರು. ಎಲ್ಲರೂ ಅವರಿಗೇ ಸಮಾಧಾನ ಹೇಳಿದರು.

ಮಗಳು ಆ ಹಾಳೆ ಎತ್ತಿಕೊಂಡು ಕೋಣೆಗೆ ಹೋದಳು. ಮರುದಿನ ಕತ್ತರಿಸಿದ ಚೀಟಿಗಳ ಒಂದು ಕಟ್ಟು ತಂದು ನನ್ನ ಮುಂದಿಟ್ಟಳು. ಒಂದು ಚೀಟಿಯಲ್ಲಿ ಒಂದೇ ಸಂಬಂಧ, ಎರಡನ್ನು ಸೇರಿಸುವಂತಿಲ್ಲ, ಅದು ಅವಳು ಮಾಡಿದ ಕಾನೂನು. ತಮ್ಮ ಒಂದು ಚೀಟಿ, ಅಳಿಯ ಒಂದು ಚೀಟಿ. ನಾನು ಮರೆತು ಎರಡನ್ನೂ ಹತ್ತಿರ ತಂದರೆ ಕೈ ಮೇಲೆ ಪಟ್ಟೆಂದು ಹೊಡೆಯುತ್ತಿದ್ದಳು. "ನೋ ಅಮ್ಮಾ. ನಾಟ್ ಯುವರ್ ಫ್ಯಾಮಿಲಿ." ಎರಡು ತಿಂಗಳು ಹೀಗೇ ನಡೆಯಿತು. ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ, ಬಟ್ಟೆ ಮಡಚುತ್ತಾ, ಯಾರದೋ ಅತ್ತೆಯ ನಾದಿನಿಯ ಮಗನನ್ನು ಎಲ್ಲಿ ಕೂರಿಸಲಿ ಎಂದು ಗೊಣಗುತ್ತಿದ್ದೆ. ಒಮ್ಮೊಮ್ಮೆ ಸಾಕಪ್ಪಾ ಸಾಕು ಎಂದು ಪುಸ್ತಕ ಮುಚ್ಚಿ ಸೋಫಾದಲ್ಲಿ ಬಿದ್ದುಕೊಂಡರೆ, ಗಂಡನೇ ಹೊರಗಿನಿಂದ ಊಟ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ತರುತ್ತಿದ್ದರು. ಅಷ್ಟು ಹೊತ್ತಿಗೆ ಮಗಳು ಅವರಿಗೆ ಎಲ್ಲವನ್ನೂ ಹೇಳಿದ್ದಳೆಂದು ಕಾಣುತ್ತದೆ. ಓದಿ ಏನು ಮಾಡುತ್ತೀಯಾ ಎಂದು ಅವರು ಮತ್ತೆ ಕೇಳಲಿಲ್ಲ.

ಪರೀಕ್ಷೆ ಒಂದು ಬೆಳಿಗ್ಗೆ, ಪೆಟಾಲಿಂಗ್ ಜಯಾದ ಕಂಪ್ಯೂಟರ್ ಕೇಂದ್ರವೊಂದರಲ್ಲಿ. ಎಸಿ ಎಷ್ಟು ಜೋರಾಗಿತ್ತೆಂದರೆ ಸೆರಗನ್ನು ಕಿವಿಯವರೆಗೆ ಹೊದ್ದುಕೊಂಡಿದ್ದೆ. ಒಗಟಿನ ಭಾಗದಲ್ಲಿ ಕೊನೆಗೆ ಉಳಿದದ್ದು ಒಂದು ಪ್ರಶ್ನೆ. ಕುಟುಂಬದ ಒಂದು ಫೋಟೋದಲ್ಲಿ ಯಾರು ಯಾರಿದ್ದಾರೆಂದು ಹೇಳಿ, ಕನಿಷ್ಠ ಎಷ್ಟು ಜನರಿರಬೇಕೆಂದು ಕೇಳಿದ್ದರು. ಪಟ್ಟಿಯಲ್ಲಿ ತಾಯಿಯ ತಮ್ಮನೂ ಇದ್ದ, ಅಕ್ಕನ ಗಂಡನೂ ಇದ್ದ. ಎಣಿಸಿದೆ. ನನ್ನ ಲೆಕ್ಕಕ್ಕೆ ಆರು, ಅವರ ಲೆಕ್ಕಕ್ಕೆ ಏಳು. ಎರಡೂ ಉತ್ತರ ಒಂದರ ಕೆಳಗೊಂದು ಪರದೆಯ ಮೇಲಿದ್ದವು.

ಎರಡು ತಿಂಗಳ ಅಭ್ಯಾಸ ಆ ಕ್ಷಣದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆರು ಎನ್ನಲು ಬೆರಳು ಸಿದ್ಧವಾಗಿತ್ತು. ಏಳು ಎಂದರೆ ನಮ್ಮಂಥ ಮನೆ ಜಗತ್ತಿನಲ್ಲೇ ಇಲ್ಲವೆಂದು ನಾನೇ ಸಹಿ ಹಾಕಿದ ಹಾಗೆ ಅನ್ನಿಸಿತು. ಅಕ್ಕನ ಪರವಾಗಿ ಓದಲು ಹೊರಟವಳು ಮೊದಲ ಹೆಜ್ಜೆಗೇ ಅಕ್ಕನನ್ನು ಅಳಿಸಿ ಹಾಕಬೇಕೇ? ಸಿಟ್ಟು ಬಂತು. ಆ ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ. ಗಡಿಯಾರ ಇನ್ನು ನಲವತ್ತೇ ಸೆಕೆಂಡು ಉಳಿದಿದೆ ಎಂದು ತೋರಿಸುತ್ತಿತ್ತು. ಏಳು ಒತ್ತಿದೆ.

ಮೂರು ವಾರದ ಮೇಲೆ ಫಲಿತಾಂಶ ಬಂತು. ಒಗಟಿನ ಭಾಗದಲ್ಲಿ ಪಾಸಾಗಲು ಎಷ್ಟು ಬೇಕೋ ಸರಿಯಾಗಿ ಅಷ್ಟೇ ಅಂಕ. ಒಂದು ಕಡಿಮೆಯಾಗಿದ್ದರೂ ಸೀಟು ಇರುತ್ತಿರಲಿಲ್ಲ. ಮಗಳು ಕೂಗಿದಳು, ಗಂಡ ಎದ್ದು ಬಂದು ಪರದೆಯನ್ನು ಎರಡು ಸಲ ಓದಿದರು. ನಾನು ಬಾಲ್ಕನಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಅವಳು ಶಾಲೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳು.

"ಸಿಕ್ತಾ? ನಂಗೊತ್ತಿತ್ತು ಕಣೆ" ಎಂದು ಬಸ್ ಸ್ಟಾಪಿನಲ್ಲಿ ನಿಂತೇ ಜೋರಾಗಿ ನಕ್ಕಳು. "ಅಷ್ಟೊಂದು ಕಷ್ಟ ಕಷ್ಟ ಅಂತಿದ್ಯಲ್ಲ, ಏನ್ ಕೇಳಿದ್ರು ಅದ್ರಲ್ಲಿ?"

ಹೇಳಬಾರದು ಅಂದುಕೊಂಡಿದ್ದೆ. ಆದರೆ ಸುಳ್ಳು ಹೇಳಲು ಸುಸ್ತಾಗಿತ್ತು. ಫೋಟೋದ ಪ್ರಶ್ನೆ ಹೇಳಿದೆ. ಆರು ಗೊತ್ತಿದ್ದೂ ಏಳು ಒತ್ತಿದೆ, ಆ ಒಂದು ಅಂಕದಿಂದಲೇ ಪಾಸಾದದ್ದು, ತಪ್ಪು ತಿಳ್ಕೋಬೇಡ ಅಕ್ಕಾ ಎಂದೆ.

ಆ ಕಡೆ ಒಂದು ಬಸ್ಸು ಬಂದು ನಿಂತು ಹೊರಟುಹೋದ ಸದ್ದು ಕೇಳಿಸಿತು. ಅಕ್ಕ ಆ ಬಸ್ಸು ಹತ್ತಿರಲಿಲ್ಲ.

"ಸರಿಯಾಗೇ ಬರ್ದಿದ್ಯಾ ಬಿಡು" ಎಂದಳು. "ಅವರಿಬ್ರೂ ಬೇರೆ ಬೇರೆ ಆಗಿದ್ದಿದ್ರೆ, ನನ್ನ ಗಂಡನ ಕಾಲರ್ ಹಿಡಿದು ಕೇಳೋಕೆ ನಂಗೂ ಒಬ್ಬ ಸೋದರಮಾವ ಇರ್ತಿದ್ದ."