ಓದು ಬಾರದ ಗುರವ್ವ

ಗುರವ್ವನಿಗೆ ಓದು ಬರಹ ಬರುವುದಿಲ್ಲ ಎನ್ನುವುದು ನಮ್ಮ ಶಾಲೆಯ ಒಂದನೆಯ ಇಯತ್ತೆಯ ಕೂಸಿಗೂ ಗೊತ್ತಿದ್ದ ಮಾತು. ಹಾಜರಿ ಪುಸ್ತಕದಲ್ಲಿ ಅವಳದು ಹೆಬ್ಬೆಟ್ಟು. ಎಣ್ಣೆಯ ಪಾಕೀಟಿನ ಮೇಲಿನ ತಾರೀಖನ್ನೂ ಹುಡುಗರ ಕೈಯಲ್ಲಿ ಓದಿಸುತ್ತಿದ್ದಳು. ಹದಿನೆಂಟು ವರ್ಷ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದ ಈ ಹೆಂಗಸಿನ ಕಥೆಯನ್ನು ನಾನೇ ಹೇಳಬೇಕು. ಅದನ್ನು ಕೆಡಿಸಿದವನೂ ನಾನೇ.

ನಾನು ಪಂಢರಿನಾಥ. ಶಲವಡಿ ದಾಟಿ ಅಣ್ಣಿಗೇರಿ ಕಡೆ ಹೋಗುವಾಗ ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಒಂದು ಸಣ್ಣ ಊರು ಸಿಗುತ್ತದೆ. ಅಲ್ಲಿಯ ಶಾಲೆಗೆ ನಾನು ಮುಖ್ಯಗುರು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಾಸ್ತರಿಕೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹುಡುಗರು ಒಂದು ಸಾಲು ತಪ್ಪಿ ಓದಿದರೆ ಅನ್ನದಲ್ಲಿ ಹರಳು ಕಡಿದ ಹಾಗೆ ಆಗುತ್ತಿತ್ತು ನನಗೆ. "ಮತ್ತೊಮ್ಮೆ ಓದು" ಎನ್ನುತ್ತಿದ್ದೆ. ಮತ್ತೊಮ್ಮೆ, ಮಗದೊಮ್ಮೆ. ಶಾಲೆಗೆ ಬಂದ ಕಥೆಪುಸ್ತಕಗಳು ಕಬ್ಬಿಣದ ಕಪಾಟಿನಲ್ಲಿ, ಕೀಲಿ ನನ್ನ ಕಿಸೆಯಲ್ಲಿ. ಹುಡುಗರ ಕೈಗೆ ಕೊಟ್ಟರೆ ಹರಿಯುತ್ತಾರೆ, ತಪಾಸಣೆಗೆ ಬಂದವರಿಗೆ ಯಾರು ಉತ್ತರ ಹೇಳಬೇಕು? ಹೊಸ ಪುಸ್ತಕ ಹೊಸದಾಗಿಯೇ ಉಳಿದಿದೆ ಎಂದು ನನಗೆ ಹೆಮ್ಮೆ ಬೇರೆ! ಎಂಥ ಮೂರ್ಖ ನಾನು.

ಒಂದು ದಿನ ಗುರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಸರ್ರ, ಒಂದ ಕಥಿ ಪುಸ್ತಕಾ ಕೊಡ್ರಿ."

"ನಿನಗ್ಯಾಕವಾ ಪುಸ್ತಕ? ಒಲಿ ಹಚ್ಲಿಕ್ಕೇನು?"

"ಗ್ಯಾಸ್ ಬಂದು ಎಷ್ಟ ವರ್ಷಾತ್ರಿ! ಹುಡುಗ್ರು ಓದಿ ಹೇಳ್ತಾವು, ನಾ ಕೇಳ್ತೇನಿ. ಒಬ್ಬಾಕೀನ ಕುಂತು ಬ್ಯಾಳಿ ಹಸನ ಮಾಡಿ ಮಾಡಿ ಬ್ಯಾಸರಾಗೇತಿ."

ಕಪಾಟಿನಲ್ಲಿ ಅಗದಿ ಹರಕು ಯಾವುದಿತ್ತೋ ಅದನ್ನು ಹುಡುಕಿ ಕೊಟ್ಟೆ.

ಅಂದಿನಿಂದ ಅಡುಗೆಕೋಣೆಯ ಬಾಗಿಲಲ್ಲಿ ಒಂದು ಬೇರೆಯೇ ಶಾಲೆ ಶುರುವಾಯಿತು. ಗುರವ್ವ ಒಂಬತ್ತಕ್ಕೆ ಬಂದು ಮೊರ ಹಿಡಿದು ಕೂತರೆ, ಎದುರಿಗೆ ಬೋರಲು ಹಾಕಿದ ಅನ್ನದ ದೊಡ್ಡ ಡಬರಿಯ ಮೇಲೆ ಓದುವ ಹುಡುಗ ಅಥವಾ ಹುಡುಗಿ. ಸುತ್ತ ಉಳಿದವರು. ಗಂಟೆ ಬಾರಿಸಿದರೂ ತರಗತಿಗೆ ಬಾರದೆ ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗರು ಗಂಟೆಗೆ ಒಂದು ತಾಸು ಮೊದಲೇ ಓಡಿ ಬರತೊಡಗಿದರು.

ಗುರವ್ವ ಸುಮ್ಮನೆ ಕೇಳುವವಳಲ್ಲ. ಕಥೆಯೊಳಗಿನವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. "ಅಯ್ಯ, ಅವನ ಬಾಯಾಗ ಮಣ್ಣ ಹಾಕ! ರಾಜಾ ಆದ್ರೇನಾತು, ಮುದಕಿ ಗುಡಸಲಾ ಕೆಡವೂದೇನು?" ಎಂದು ಮೊರ ಕುಕ್ಕುತ್ತಿದ್ದಳು. ಒಮ್ಮೊಮ್ಮೆ ನಿಜಕ್ಕೂ ಅತ್ತುಬಿಡುತ್ತಿದ್ದಳು. ಕಥೆ ಮುಗಿದರೆ ಅವಳಿಗೆ ಸಮಾಧಾನವೇ ಇಲ್ಲ. "ಇಷ್ಟಕ್ಕ ಮುಗೀತೇನು? ಆ ಮುದಕಿ ಗತಿ ಏನಾತು? ಪುಸ್ತಕದಾಗ ಇರದಿದ್ರ ನೀನ ಬರಕೊಂಡ ಬಾ. ನನಗರ ಅಕ್ಷರ ಬರೂದಿಲ್ಲ, ನೀ ಬರೀದಿದ್ರ ಯಾರ ಬರೀಬೇಕು?" ಎನ್ನುತ್ತಿದ್ದಳು. ಮರುದಿನ ಹಳೆಯ ನೋಟಬುಕ್ಕುಗಳ ಹಿಂದಿನ ಹಾಳೆಗಳಲ್ಲಿ ಮುದುಕಿಗೆ ಹೊಸ ಗುಡಿಸಲು ಎದ್ದಿರುತ್ತಿತ್ತು. ನಾನು ನಿಬಂಧ ಬರೆಯಿರಿ ಎಂದರೆ ಹೊಟ್ಟೆನೋವು ಎನ್ನುತ್ತಿದ್ದ ಮಕ್ಕಳೇ ಅವರು.

ಆ ಗುಂಪಿನಲ್ಲಿ ಕೊನೆಗೆ ಬಂದು ಸೇರಿದವಳು ಮುಬಶಿರಾ. ಹಿಟ್ಟಿನ ಗಿರಣಿಯ ಇಮಾಮುದ್ದೀನನ ಮಗಳು, ಆಗ ಆರನೆಯ ಇಯತ್ತೆ. ಮನೆಯಲ್ಲಿ ಉರ್ದು ಮಾತು, ಶಾಲೆಯಲ್ಲಿ ಕನ್ನಡ. ಓದಲು ಎಬ್ಬಿಸಿದರೆ ಎರಡು ಶಬ್ದಕ್ಕೆ ನಿಂತುಬಿಡುತ್ತಿದ್ದಳು. "ಬಾಯಾಗ ಏನ ಕಡ್ಲಿ ಇಟಗೊಂಡೀಯೇನು?" ಎಂದು ನಾನು ಗದರಿದರೆ ತರಗತಿಯೆಲ್ಲ ನಗುತ್ತಿತ್ತು. ಆಮೇಲೆ ಆ ಹುಡುಗಿ ನನ್ನ ಮುಂದೆ ಬಾಯಿ ತೆರೆಯುವುದನ್ನೇ ಬಿಟ್ಟಳು.

ಅಂಥವಳು ಡಬರಿಯ ಮೇಲೆ ಕೂತು ಗಡಗಡ ಓದುತ್ತಿದ್ದುದು ಒಂದು ಮುಂಜಾನೆ ನನ್ನ ಕಿವಿಗೆ ಬಿತ್ತು. ಗೋಡೆಯ ಮರೆಯಲ್ಲಿ ನಿಂತೆ. ಒಂದು ಆಡು ನವಲಗುಂದದ ಬಸ್ಸು ಹತ್ತಿತ್ತು. ಕಂಡಕ್ಟರ್ ಟಿಕೀಟು ಕೇಳಿದರೆ, "ನಾನೂ ಹೆಣ್ಣ, ನನಗ ಫ್ರೀ" ಎಂದಿತು ಆಡು. "ಹಂಗಾದ್ರ ಆಧಾರ್ ಕಾರ್ಡ್ ತೋರಿಸು." "ಅಯ್ಯ, ಮುಂಜಾನೇನ ಮೇದುಬಿಟ್ನೆಲ್ಲೋ!" ಗುರವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಇಣುಕಿ ನೋಡಿದೆ. ಹುಡುಗಿಯ ಕೈಯಲ್ಲಿದ್ದ ಪುಸ್ತಕದಲ್ಲಿ ಆನೆ, ರಾಜ, ಅರಮನೆ. ಆಡೂ ಇಲ್ಲ, ಬಸ್ಸೂ ಇಲ್ಲ! ನನ್ನ ತಲೆ ಕೆಟ್ಟುಹೋಯಿತು. ಅಕ್ಷರ ಬಾರದ ಬಡ ಹೆಂಗಸಿಗೆ ಈ ಪೋರಿ ಮೋಸ ಮಾಡುತ್ತಿದ್ದಾಳೆ ಅಂದುಕೊಂಡು ನುಗ್ಗಿ ಪುಸ್ತಕ ಕಸಿದುಕೊಂಡೆ.

"ಎಲ್ಲಿ ಅದ ಇದರಾಗ ಆಡು? ತೋರಿಸು!"

ಮುಬಶಿರಾ ಡಬರಿಯಿಂದ ಇಳಿದು ಹಿಂದೆ ಸರಿದಳು. ಗುರವ್ವ ನಿಧಾನಕ್ಕೆ ಎದ್ದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು.

"ಓದ್ಲಿ ಬಿಡ್ರಿ ಸರ್ರ. ಆಡೋ ಆನಿಯೋ, ನನಗೇನ ಗೊತ್ತಾಗತೈತಿ? ಕೂಸ ಓದತೈತಿ, ನಾ ಕೇಳತೇನಿ. ಬಸ್ ಎಲ್ಲಿಗೆ ಬಂದಿತ್ತವ್ವಾ? ಓದು."

ಗೊಣಗುತ್ತ ಹೋದೆ. ಆದರೆ ದೀಪಾವಳಿ ಮುಗಿಯುವ ಹೊತ್ತಿಗೆ ಮುಬಶಿರಾ ಆಡಿನ ಕಥೆಯನ್ನು ನೋಟಬುಕ್ಕಿನಲ್ಲಿ ಬರೆಯತೊಡಗಿದ್ದಳು. ಬರೆಯಲು ಶಬ್ದ ಬೇಕು, ಶಬ್ದಕ್ಕಾಗಿ ಪುಸ್ತಕ ತೆರೆದಳು, ಹಾಗೇ ಆನೆಯ ಕಥೆಯನ್ನೂ ಓದಿ ಮುಗಿಸಿದಳು. ನಾನು ಆರು ವರ್ಷ ಕೂಗಾಡಿ ಮಾಡಲಾಗದ್ದು ಒಂದು ಮೊರದ ಮುಂದೆ ಆರು ತಿಂಗಳಲ್ಲಿ ಆಗಿಹೋಗಿತ್ತು.

ಆ ವರ್ಷವೇ ಗುರವ್ವನಿಗೆ ಅರವತ್ತು ತುಂಬುತ್ತಿತ್ತು. ಅರವತ್ತಾದವರನ್ನು ಅಡುಗೆ ಕೆಲಸದಿಂದ ಬಿಡಿಸಬೇಕು. ಆಧಾರ್ ಕಾರ್ಡಿನಲ್ಲಿ ಅವಳ ಹುಟ್ಟಿದ ತಾರೀಖು ಜನವರಿ ಒಂದು, ಅಂದರೆ ಅಂದಾಜಿಗೆ ಬರೆಸಿದ್ದು. ಎಲ್ಲಿಯಾದರೂ ಒಂದು ವರ್ಷ ಕಡಿಮೆ ಸಿಕ್ಕರೆ ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು ಎಂಬ ಆಸೆ ನನಗೆ. ಅವಳ ತವರು ಕಲಘಟಗಿ ಕಡೆಯ ಮಿಶ್ರಿಕೋಟಿ. ನಾಲ್ಕು ದಿನ ಶಾಲೆಗೆ ಹೋಗಿದ್ದರೂ ದಾಖಲೆ ಇರುತ್ತದೆ ಎಂದು ಅಲ್ಲಿಯ ಗೆಳೆಯರೊಬ್ಬರಿಗೆ ಹೇಳಿದೆ. ಅವರು ಹಳೆಯ ರಜಿಸ್ಟರಿನ ಪುಟದ ಫೋಟೋ ಮೊಬೈಲಿಗೆ ಕಳಿಸಿದರು. ತಾರೀಖಿನಿಂದ ಏನೂ ಪ್ರಯೋಜನವಾಗಲಿಲ್ಲ. ಆದರೆ ಅದರ ಮುಂದಿನ ಕಾಲಮು ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಏಳನೆಯ ಇಯತ್ತೆ ಪಾಸು. ಶಾಲೆಗೇ ಮೊದಲ ನಂಬರು.

ಅವಳನ್ನು ಕರೆದು ತೋರಿಸಿದೆ. ಗುರವ್ವ ನೋಡಿದ್ದೇ ನೋಡಿದ್ದು. ಆಮೇಲೆ ಎರಡೂ ಕೈ ಜೋಡಿಸಿದಳು.

"ಸರ್ರ, ನಿಮ್ಮ ಕಾಲಿಗೆ ಬೀಳತೇನಿ. ಹುಡುಗ್ರಿಗೆ ಹೇಳಬ್ಯಾಡ್ರಿ."

ನಾನು ಅದನ್ನು ಸಂಕೋಚ ಎಂದುಕೊಂಡೆ. ಕೇಳಬಾರದಿತ್ತೇ ಯಾಕೆ ಎಂದು? ಕೇಳಲಿಲ್ಲ. ಭಾಷಣಕ್ಕೆ ಒಳ್ಳೆಯ ಸಂಗತಿ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ಬೀಳ್ಕೊಡುವ ಸಮಾರಂಭ. ಮರದ ಕೆಳಗೆ ಜಮಖಾನೆ ಹಾಸಿ, ಗುರವ್ವನಿಗೆ ಕುರ್ಚಿ ಹಾಕಿದ್ದೆವು. ಊರ ಹಿರಿಯರೂ ಬಂದಿದ್ದರು. ಮುಬಶಿರಾ ಅಂದು ತನ್ನ ಆಡಿನ ಕಥೆಯ ಕೊನೆಯ ಭಾಗವನ್ನು ಎಲ್ಲರ ಮುಂದೆ ಓದುವವಳಿದ್ದಳು. ಆ ಭಾಗವನ್ನು ಗುರವ್ವನಿಗೂ ಹೇಳಿರಲಿಲ್ಲ. ಹುಡುಗಿ ಹೊಸ ಅಂಗಿ ತೊಟ್ಟು, ನೋಟಬುಕ್ಕಿಗೆ ರಟ್ಟು ಹಾಕಿಕೊಂಡು ಮುಂದೆಯೇ ಕೂತಿದ್ದಳು. ಅವಳಪ್ಪ ಇಮಾಮುದ್ದೀನ ಗಿರಣಿ ಬಂದ್ ಮಾಡಿ ಬಂದು, ಮೈಮೇಲಿನ ಹಿಟ್ಟು ಝಾಡಿಸಿಕೊಳ್ಳುತ್ತ ಹಿಂದೆ ನಿಂತಿದ್ದ.

ಮೊದಲು ನನ್ನ ಭಾಷಣ. ಮೈಕು ಕೈಗೆ ಬಂದರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ.

"ನಮ್ಮ ಗುರವ್ವ ಹೆಬ್ಬೆಟ್ಟು ಅಂತ ತಿಳಿದೀರಲ್ಲ? ಏಳನೇತ್ತಾ ಪಾಸು! ಶಾಲಿಗೇ ಮೊದಲನೇ ನಂಬರು! ಹದಿನೆಂಟು ವರ್ಷ ನಮ್ಮ ಕಣ್ಣಿಗೆ ಮಣ್ಣ ಎರಚ್ಯಾಳ! ಲೇ ಹುಡುಗರ, ನೀವು ಓದೂ ಮುಂದ ಮಾಡಿದ ಒಂದೊಂದ ತಪ್ಪೂ ಆಕಿಗೆ ಗೊತ್ತಿತ್ತು!"

ಚಪ್ಪಾಳೆಯೋ ಚಪ್ಪಾಳೆ. ನಾನು ನಗುತ್ತ ಗುರವ್ವನ ಕಡೆ ತಿರುಗಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಬಶಿರಾಳನ್ನೇ ನೋಡುತ್ತಿದ್ದಳು.

ಹುಡುಗಿ ಎದ್ದು ನಿಂತಿದ್ದಳು. ಚಪ್ಪಾಳೆ ನಿಲ್ಲುವವರೆಗೆ ಕಾದಳು.

"ಆಯಿ, ನಿನಗ ಓದಾಕ ಬರತಿತ್ತೇನ?"

ಗುರವ್ವ ಬಾಯಿಂದ ಸೆರಗು ಇಳಿಸಿದಳು.

"ನಾ ಸುಳ್ಳ ಸುಳ್ಳ ಓದೂದು... ಅದೂ ಮೊದಲಿಂದ ಗೊತ್ತಿತ್ತೇನ?"

ಒಂದು ಸುಳ್ಳು ಹೇಳಿದ್ದರೆ ಉಳಿಯುತ್ತಿತ್ತು. ಹದಿನೆಂಟು ವರ್ಷ ಸುಳ್ಳು ಹೇಳಿದವಳಿಗೆ ಆ ಹೊತ್ತಿನಲ್ಲಿ ಹೇಳಲಾಗಲಿಲ್ಲ. ಹೌದೆಂದು ತಲೆ ಅಲ್ಲಾಡಿಸಿದಳು. ಯಾರೋ ಹುಡುಗ ಕಿಸಕ್ಕನೆ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. ಮುಬಶಿರಾ ನೋಟಬುಕ್ಕನ್ನು ಗುರವ್ವನ ತೊಡೆಯ ಮೇಲೆ ಇಟ್ಟಳು.

"ನೀನ ಓದಕೋ ಆಯಿ. ನಿನಗ ಬರತೈತಲ್ಲ."

ಹೇಳಿ ನಡೆದುಬಿಟ್ಟಳು. ಇಮಾಮುದ್ದೀನ ಏನೂ ತಿಳಿಯದೆ ಮಗಳ ಹಿಂದೆ ಹೋದ.

ಸಂಜೆ ಎಲ್ಲರೂ ಹೋದ ಮೇಲೆ ಗುರವ್ವ ಎಂದಿನಂತೆ ಡಬರಿ ತಿಕ್ಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಅವಳು ತಲೆ ಎತ್ತಲಿಲ್ಲ.

"ನಾನೂ ನಿಮ್ಮಂಗ ಇದ್ದೆ ಸರ್ರ. ಮೊದಲನೇ ನಂಬರ್ ಅಂತ ಸೊಕ್ಕ ಇತ್ತು. ನನ್ನ ಮಗಳ ಮಹಾನಂದಾ ಒಂದ ಅಕ್ಷರ ತಪ್ಪಿದ್ರ ತಲೀಗೆ ಮೊಟಕತಿದ್ದೆ. ಪುಸ್ತಕಾ ಕಂಡ್ರ ನಡಗತಿತ್ರಿ ಕೂಸು. ನಾಕನೇತ್ತಾಕ ಸಾಲಿ ಬಿಟ್ಲು. ಈಗ ಆಕೀಗೂ ಮಕ್ಕಳದಾವು. ಅವು ಓದಾಕ ಕುಂತ್ರ ಇಕಿ ಎದ್ದ ಹೊರಗ ಹೋಗ್ತಾಳ. ಮಕ್ಕಳ ಮುಂದ ನನಗಿನ್ನ ಅಕ್ಷರ ಬರಬಾರದು ಅಂತ ಆವಾಗ ಆಣಿ ಮಾಡೇನ್ರಿ."

ಅವಳು ತಿಕ್ಕಿದ ಡಬರಿಯನ್ನು ಬೋರಲು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹೊಸ ಅಡುಗೆಯವಳು ಬಂದಳು. ಒಳ್ಳೆಯವಳೇ, ಆದರೆ ಕಥೆ ಕೇಳುವ ಪುರಸೊತ್ತು ಅವಳಿಗಿಲ್ಲ. ನಾನು ಕಪಾಟಿನ ಬಾಗಿಲು ತೆರೆದೇ ಇಟ್ಟೆ. ಹುಡುಗರು ಪುಸ್ತಕ ಒಯ್ಯುತ್ತಾರೆ, ತಂದಿಡುತ್ತಾರೆ. ಡಬರಿಯ ಮೇಲೆ ಯಾರೂ ಕೂರುವುದಿಲ್ಲ. ಮುಬಶಿರಾ ಏಳನೆಯದನ್ನು ಮುಗಿಸಿ ಶಲವಡಿಯ ಹೈಸ್ಕೂಲಿಗೆ ಹೋದಳು. ಪರೀಕ್ಷೆಗೆ ಬೇಕಾದಷ್ಟು ಓದುತ್ತಾಳಂತೆ. ಕಥೆ ಬರೆಯುವುದನ್ನು ಬಿಟ್ಟೇಬಿಟ್ಟಳು.

ಗುರವ್ವ ನೋಟಬುಕ್ಕನ್ನು ಗೋಡೆಯ ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಬಾಜು ಇಟ್ಟಿದ್ದಳು. ಓದಿದೆಯಾ ಎಂದು ನಾನು ಕೇಳಿದ್ದಕ್ಕೆ ಇಲ್ಲವೆಂದಳು. "ಅಕೀನ ಓದಬೇಕ್ರಿ. ನಾ ಓದಕೊಂಡ್ರ, ಅಕಿ ಇನ್ನ ಬರೂದ ಬ್ಯಾಡ ಅಂದಂಗ ಆತಲ್ರಿ." ಮೂರು ಸಲ ಗಿರಣಿ ಓಣಿಗೆ ಹೋಗಿ ಬಂದಿದ್ದಳು. ಮೂರು ಸಲವೂ ಹುಡುಗಿ ಒಳಗೆ ಸೇರಿಕೊಂಡಳು.

ಈಗ ಎರಡು ವರ್ಷ. ಸಕ್ಕರೆ ಕಾಯಿಲೆ ಗುರವ್ವನ ಕಣ್ಣಿಗೆ ಇಳಿಯಿತು. ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋಗಿದ್ದೆ. ತಡವಾಯಿತು ಎಂದರು ಡಾಕ್ಟರು. ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ ಅವಳಿಗೆ. ಮೊನ್ನೆ ಹೋದಾಗ ನೋಟಬುಕ್ಕು ಅವಳ ತೊಡೆಯ ಮೇಲಿತ್ತು. ಬೆರಳಿನಿಂದ ರಟ್ಟನ್ನು ಸವರುತ್ತಿದ್ದಳು.

"ಸರ್ರ, ಈಗ ಖರೇನ ಓದಾಕ ಬರೂದಿಲ್ಲ. ಅಕಿಗೆ ಹೇಳ್ರಿ. ಆಡು ಊರಿಗೆ ಹೊಳ್ಳಿ ಬಂತೋ ಇಲ್ಲೋ, ಅಷ್ಟ ಓದಿ ಹೇಳಿ ಹೋಗಂತ ಹೇಳ್ರಿ."

"ತಾ ಇಲ್ಲೆ, ನಾ ಓದ್ತೀನಿ" ಎಂದೆ.

"ನೀವ ಬ್ಯಾಡ್ರಿ" ಎಂದಳು. ಅಷ್ಟೇ ಮಾತು.

ಶಲವಡಿಯ ಬಸ್‌ಸ್ಟ್ಯಾಂಡಿನಲ್ಲಿ ಮುಬಶಿರಾ ಸಿಕ್ಕಳು. ಎತ್ತರವಾಗಿದ್ದಾಳೆ. ಹುಡುಗಿಯ ಮುಂದೆ ನಾನು ಕೈ ಜೋಡಿಸಿದೆ.

"ತಪ್ಪು ನಂದವಾ, ಆಕೀದಲ್ಲ. ಗುರವ್ವಗ ಕಣ್ಣ ಹೋಗ್ಯಾವ. ಈಗ ಖರೇನ ಓದ್ಲಿಕ್ಕೆ ಬರೂದಿಲ್ಲ. ಒಮ್ಮೆ ಬಂದು ಓದಿ ಹೇಳು."

ಅವಳು ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ. ಇದ್ದಿದ್ದರೆ ಏನಾದರೂ ಮಾಡಬಹುದಿತ್ತು.

"ಓದಾಕ ಬರೂದಿಲ್ಲಂತ ಆವಾಗನೂ ಅಂತಿದ್ಲಲ್ರಿ ಸರ್ರ" ಎಂದಳು.

ಬಸ್ಸು ಬಂತು. ಹತ್ತಿ ಹೋದಳು.

ಗುರವ್ವನ ಮನೆಗೆ ಬಂದೆ. ನನ್ನ ಚಪ್ಪಲಿಯ ಸಪ್ಪಳಕ್ಕೇ ಅವಳು ನೆಟ್ಟಗೆ ಕೂತಳು.

"ಸಿಕ್ಕಿದ್ಲೇನ್ರಿ? ಏನಂದ್ಲು?"

ಜೀವಮಾನವೆಲ್ಲ ಮಕ್ಕಳ ತಪ್ಪು ಹಿಡಿದ ನಾನು, ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ.

"ಬರ್ತಾಳಂತ" ಎಂದೆ. "ಪರೀಕ್ಷಾ ಮುಗಿಸಿ ಬರ್ತೀನಿ ಅಂದ್ಲು. ಆಯಿ ಹೆಂಗಿದ್ದಾಳಂತ ಕೇಳಿದ್ಲು."

ಗುರವ್ವ ನನ್ನ ದನಿಯ ಕಡೆ ಮುಖ ಮಾಡಿ ಕೂತಿದ್ದಳು. ಸುಳ್ಳು ಓದುವ ಮಕ್ಕಳ ದನಿಯನ್ನು ಅಷ್ಟು ದಿನ ಕೇಳಿದವಳಿಗೆ ನನ್ನದು ತಿಳಿಯದೇ ಇರುತ್ತದೆಯೇ? ಕಣ್ಣಿಂದ ನೀರು ಇಳಿಯುತ್ತಿತ್ತು. ನೋಟಬುಕ್ಕನ್ನು ಎದೆಗೆ ಒತ್ತಿಕೊಂಡಳು.

"ಹೌದೇನ್ರಿ" ಎಂದಳು. "ಮುಂದ ಏನಂದ್ಲು? ಹೇಳ್ರಿ ಸರ್ರ, ಕೇಳತೇನಿ."