ಸ್ಟುಡಿಯೋ ಅಣ್ಣನವರ ಸಮುದ್ರ

ಗೌರಿ, ಶಿವು, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ. ಸ್ಟುಡಿಯೋ ಅಣ್ಣನವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ನಲವತ್ತು ವರ್ಷ ಬಲಗಣ್ಣೊಂದರಿಂದಲೇ ಕ್ಯಾಮೆರಾದೊಳಗೆ ನೋಡಿ ನೋಡಿ ಎಡಗಡೆಯ ರೆಪ್ಪೆ ಸುಕ್ಕುಗಟ್ಟಿ ಹಾಗೇ ನಿಂತುಬಿಟ್ಟಿತ್ತು. ಗೊತ್ತಿಲ್ಲದ ಹೆಂಗಸರು ಇವನೇನು ಕಣ್ಣು ಹೊಡೆಯುತ್ತಾನೆ ಎಂದು ಸೆರಗು ಎಳೆದುಕೊಳ್ಳುತ್ತಿದ್ದರು. ಇನ್ನು ಅವರ ಮೊಣಕಾಲಿನ ಕೆಳಗೆ ತುಂಬ ಬಿಳಿಯ ಗೀರುಗಳಿದ್ದವು. ಸಮುದ್ರದ ಬಂಡೆಗಳಿಗೆ ಅಂಟಿಕೊಂಡಿರುವ ಚಿಪ್ಪುಗಳು ಕೊಯ್ದ ಗಾಯಗಳು. ನಮ್ಮ ಮಕ್ತಲದಲ್ಲಿ ಮತ್ತೆ ಯಾರ ಕಾಲಿಗೂ ಅಂಥ ಗಾಯ ಇರಲಿಲ್ಲ.

ಅವರ ವಿಷಯ ನಾನು ನಿಮ್ಮ ಅಮ್ಮನಿಗೂ ಸರಿಯಾಗಿ ಹೇಳಿಲ್ಲ. ಶುರು ಮಾಡಿದರೆ ಪೂರಾ ಹೇಳಬೇಕಾಗುತ್ತದೆ. ಪೂರಾ ಹೇಳಲು ನನಗೆ ನಾಚಿಕೆ.

ಮಕ್ತಲದ ಬಜಾರಿನಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಹುಟ್ಟಿದ್ದು ಗದ್ವಾಲದಲ್ಲಿ. ಮದುವೆಯಾಗಿರಲಿಲ್ಲ. ಎಲ್ಲರಿಗೂ, ಸಣ್ಣ ಹುಡುಗರಿಗೂ, 'ರೀ' ಹಚ್ಚಿಯೇ ಮಾತಾಡುತ್ತಿದ್ದರು. ಫೋಟೋ ತೆಗೆಯುವಾಗ ಬಂದವರ ಮುಖ ನೋಡಿ 'ಅಲುಗಬ್ಯಾಡ್ರಿ' ಎಂದೋ, 'ಕದಲಕಂಡಿ' ಎಂದೋ, 'ಹಿಲೋ ಮತ್' ಎಂದೋ ಹೇಳುತ್ತಿದ್ದರು. ಯಾರ ಭಾಷೆ ಯಾವುದೆಂದು ಒಮ್ಮೆಯೂ ತಪ್ಪುತ್ತಿರಲಿಲ್ಲ. ನಗಿರಿ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. "ನಗು ಬಂದ್ರ ತಾನಾಗೇ ಬರ್ತೈತಿ. ಬರದಿದ್ರ ಅದೂ ಅವರ ಮಾರಿನ ಅಲ್ಲೇನು?" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಸ್ಟುಡಿಯೋಕ್ಕೆ ಬೀಗ ಹಾಕಿ ಗೋಕರ್ಣದ ಕಡೆಗೆ ಹೋಗುತ್ತಿದ್ದರು. ದೇವರಿಗಲ್ಲ. ಅಲ್ಲಿಯ ಬಂಡೆಗಳ ಮೇಲೆ ಕ್ಯಾಮೆರಾ ನಿಲ್ಲಿಸಿ, ಅದರ ಮೂರುಕಾಲಿನ ಸ್ಟ್ಯಾಂಡಿಗೆ ಕಲ್ಲು ತುಂಬಿದ ಚೀಲ ಕಟ್ಟಿ, ಸೂರ್ಯ ಮುಳುಗುವುದನ್ನು ಕಾಯಲು. ಎಂಟು ದಿನ ಹೋದರೆ ಎರಡು ದಿನವೂ ಬೇಕಾದ ಬೆಳಕು ಸಿಗುತ್ತಿರಲಿಲ್ಲವಂತೆ. ಅದಕ್ಕಾಗಿ ಅವರು ಬೇಸರಪಟ್ಟದ್ದನ್ನು ನಾನು ಕಂಡಿಲ್ಲ.

ನಾನು ಸ್ಟುಡಿಯೋಕ್ಕೆ ಮೊದಲ ಸಲ ಹೋದದ್ದು ನಿಮ್ಮ ಅಜ್ಜ ತೀರಿಕೊಂಡ ಮೇಲೆ. ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೋ ಇರಲಿಲ್ಲ. ಯಾರದೋ ಮದುವೆಯಲ್ಲಿ ಗುಂಪಿನಲ್ಲಿ ನಿಂತದ್ದು ಒಂದು ಸಿಕ್ಕಿತು, ಅದರಲ್ಲೂ ಅರ್ಧ ಮುಖ ನೆರಳಿನಲ್ಲಿ. ಸ್ಟುಡಿಯೋ ಅಣ್ಣ ಅದನ್ನು ಕಂಪ್ಯೂಟರಿಗೆ ಹಾಕಿ, ನೆರಳು ತಿಳಿ ಮಾಡಿ, ದೊಡ್ಡದು ಮಾಡಿ ತೋರಿಸಿದರು. ನಾನು ಅವರ ಮುಖ ನೋಡದೆ, "ಕಿವಿ ಹತ್ರ ಗೆರಿ ಕಾಣಸ್ತೈತ್ರಿ" ಎಂದೆ.

"ಎಲ್ಲೈತಿ?"

ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಅಬ್ಬಾ! ನಿಮ್ಮ ಕಣ್ಣಿಗೆ ಯಾರು ಸಾಣಿ ಹಿಡದಾರ, ತಂಗೆವ್ವ?"

ನನ್ನ ತವರು ನಾರಾಯಣಪೇಟೆ ಕಡೆಯದು, ಸೀರೆ ನೇಯುವ ಮನೆ. ಶಾಲೆ ಐದನೇ ತರಗತಿಗೆ ಮುಗಿಯಿತು. ಮುಂದೆ ಮದುವೆಯಾಗುವವರೆಗೆ ನನ್ನ ಕೆಲಸ ಒಂದೇ: ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಹಳೆಯ ನೂಲಿನ ಹಾಸು ಮುಗಿಯುತ್ತಿದ್ದಂತೆ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುವುದು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ, ಅಪ್ಪನ ಕೈಯಿಂದ ತಲೆಗೆ ಏಟು ಬೀಳುತ್ತದೆ. ಸ್ಟುಡಿಯೋ ಅಣ್ಣ ಇದನ್ನು ಕೇಳಿ, "ನನ್ನ ಸಮುದ್ರಕ್ಕ ನಿಮ್ಮಂಥವರ ಬೇಕಾಗಿತ್ತು. ನಾಳಿಗೆ ಬರ್ರಿ" ಎಂದರು.

ಮನೆಯಲ್ಲಿ ನಿಜ ಹೇಳುವ ಧೈರ್ಯವಾಗಲಿಲ್ಲ. ಆಗ ನಾನೂ ನಿಮ್ಮ ಅಮ್ಮನೂ ನನ್ನ ಭಾವನ ಮನೆಯಲ್ಲಿದ್ದೆವು. ನಿಮ್ಮ ಅಜ್ಜನ ಅಣ್ಣ, ಕೆಟ್ಟವರಲ್ಲ, ಆದರೆ ಬಿಗಿ ಮನುಷ್ಯ. "ಗಂಡಸರ ಬಾಜೂಕ ಕುಂತು ಕಂಪ್ಯೂಟರ್ ಒತ್ತೋದು ನಮ್ಮ ಮನಿತನದಾಗ ನಡಿಯಂಗಿಲ್ಲ" ಎನ್ನುತ್ತಾರೆಂದು ಕೇಳದೆಯೇ ಗೊತ್ತಿತ್ತು. ಸ್ಟುಡಿಯೋದಲ್ಲಿ ಕಸ ಹೊಡೆದು ನೀರು ತುಂಬುವ ಕೆಲಸ ಎಂದೆ. ಅದಕ್ಕೆ ಅವರು ಒಪ್ಪಿದರು.

ಅದು ಆಂಧ್ರದಿಂದ ಬೇರೆಯಾಗಲು, ಪ್ರತ್ಯೇಕ ರಾಜ್ಯಕ್ಕಾಗಿ ಗಲಾಟೆ ಜೋರಾಗಿದ್ದ ಕಾಲ. ಇವತ್ತು ಬಂದ್, ನಾಳೆ ರಸ್ತೆ ತಡೆ. ಬಸ್ಸುಗಳು ನಿಂತುಬಿಟ್ಟ ವಾರಗಳಿದ್ದವು. ಎಲ್ಲ ಅಂಗಡಿಗಳಂತೆ ಸ್ಟುಡಿಯೋದ ಶಟರ್ ಕೂಡ ಅರ್ಧ ಇಳಿದಿರುತ್ತಿತ್ತು. ಗಿರಾಕಿ ಇಲ್ಲದ ಆ ದಿನಗಳಲ್ಲಿ ಅವರು ನನಗೆ ಕೆಲಸ ಕಲಿಸಿದರು. ಅರ್ಧ ಇಳಿದ ಶಟರ್ ಒಳಗೆ ಗಂಡ ಸತ್ತ ಹೆಂಗಸು, ಹೆಂಡತಿ ಇಲ್ಲದ ಗಂಡಸು. ಯಾರಾದರೂ ಬಗ್ಗಿ ನೋಡಿದರೆ ಏನು ಗತಿ ಎಂದು ನಾನು ಪೊರಕೆಯನ್ನು ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅವರು ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದರು.

ಅವರು ಕಲಿಸಿದ್ದು ಇಷ್ಟು. ನಮ್ಮ ಕಣ್ಣಿಗೆ ಮುಳುಗುವ ಸೂರ್ಯನೂ ಕಾಣುತ್ತಾನೆ, ಕಾಲ ಕೆಳಗಿನ ಕಲ್ಲೂ ಕಾಣುತ್ತದೆ. ಕ್ಯಾಮೆರಾಕ್ಕೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಮುಗಿಲಿನ ಬೆಳಕು ಹಿಡಿದರೆ ಕಲ್ಲು ಇದ್ದಲಿನಂತೆ ಕಪ್ಪಾಗುತ್ತದೆ. ಕಲ್ಲಿನ ಬೆಳಕು ಹಿಡಿದರೆ ಮುಗಿಲು ಸುಣ್ಣ ಬಳಿದಂತೆ ಬಿಳುಪಾಗುತ್ತದೆ. ಹಾಗಾಗಿ ಕ್ಯಾಮೆರಾ ಕದಲಿಸದೆ ಒಂದೇ ಜಾಗದಿಂದ ಮೂರು ಫೋಟೋ ತೆಗೆಯಬೇಕು: ಮುಗಿಲಿಗೊಂದು, ನೀರಿಗೊಂದು, ಕಲ್ಲಿಗೊಂದು. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು, ಬೇಡವಾದ ಕಡೆ ಮೇಲಿನದನ್ನು ಒರೆಸುತ್ತ ಹೋಗಬೇಕು. ಒರೆಸಿದಲ್ಲಿ ಕೆಳಗಿನದು ಕಾಣುತ್ತದೆ.

ಹೇಳಲು ಸುಲಭ. ಕಲ್ಲು ಮುಗಿಲನ್ನು ಮುಟ್ಟುವ ಕಡೆ ಕೂದಲಿನಷ್ಟು ಬಿಳಿ ಅಂಚು ಉಳಿದರೂ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಅಲೆಯಂತೂ ಮೂರು ಫೋಟೋದಲ್ಲಿ ಮೂರು ಕಡೆ ಇರುತ್ತದೆ. ಯಾವ ನೊರೆ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂದು ಕೂತು ಯೋಚಿಸಬೇಕು. ನಾನು ಇಂದಿಗೂ ಸಮುದ್ರ ನೋಡಿಲ್ಲ. ಆದರೂ ಆ ದಂಡೆಯ ಒಂದೊಂದು ಕಲ್ಲಿನ ಅಂಚು ನನ್ನ ಬೆರಳಿಗೆ ಪರಿಚಯ.

ಒಮ್ಮೆ ಕೇಳಿದೆ, "ಹಿಂಗ ಕೂಡಿಸೋದು ಸುಳ್ಳಲ್ಲೇನ್ರಿ?"

"ಅಲ್ಲಿದ್ದದ್ದ ಅಷ್ಟ ಕೂಡಸ್ತೀವಿ, ತಂಗೆವ್ವ. ನಾ ನಿಂತು ನೋಡಿದ್ದು. ಅಲ್ಲಿ ಇಲ್ಲದ್ದು ಒಂದು ಹಕ್ಕೀನೂ ತಂದು ಹಾಕಂಗಿಲ್ಲ."

ಹಾಗೇ ನಡೆದುಕೊಂಡರು. ಗಿರಾಕಿಯೊಬ್ಬರು ಬಂದು ಸಮುದ್ರದ ಫೋಟೋದಲ್ಲಿ ಒಂದು ಹಡಗೂ ಚಂದ್ರನೂ ಹಾಕಿಕೊಡು ಎಂದು ಹಟ ಹಿಡಿದಿದ್ದರು. "ಸೂರ್ಯ ಇನ್ನಾ ಮುಳುಗ್ಯಾನಿಲ್ಲ, ಚಂದ್ರನ್ನ ಯಾಕ ಅವಸರ ಮಾಡ್ತೀರಿ?" ಎಂದು ನಗಿಸಿ ಕಳಿಸಿದರು. ಹಾಗಾದರೆ ಸ್ಟುಡಿಯೋದಲ್ಲಿ ತಾಜಮಹಲಿನ ಪರದೆಯ ಮುಂದೆ ಮಂದಿಯನ್ನು ನಿಲ್ಲಿಸುತ್ತೀರಲ್ಲ ಎಂದು ನಾನು ಕೆಣಕಿದರೆ, "ಅದು ಪರದೆ ಅಂತ ಎಲ್ಲಾರ್ಗೂ ಗೊತ್ತೈತಿ. ಗೊತ್ತಿದ್ದದ್ದು ಸುಳ್ಳಲ್ಲ" ಎನ್ನುತ್ತಿದ್ದರು.

ರಾಜ್ಯ ಆಗುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಕೊನೆಯ ಬಾರಿ ಗೋಕರ್ಣದಿಂದ ತಂದ ಮೂರು ಫೋಟೋಗಳನ್ನು ನನ್ನ ಮುಂದಿಟ್ಟು, "ಇದು ಪೂರಾ ನಿಮ್ಮದ. ನಂಗ ಅಂಚು ಕಾಣಂಗಿಲ್ಲ" ಎಂದರು. ಹನ್ನೊಂದು ದಿನ ಹಿಡಿಯಿತು. ಮುಗಿದ ದಿನ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದರು. ಕೆಂಪು ಮುಗಿಲು, ಅದರ ಕೆಳಗೆ ಒದ್ದೆಯಾದ ಬಂಡೆಗಳು, ಅವುಗಳ ಸಂದಿಯಿಂದ ಇಳಿಯುವ ನೀರು. "ನಾ ನಿಂತಾಗ ಹಿಂಗ ಇತ್ತು" ಎಂದರು. ಅಷ್ಟೇ. ಗಂಡ ಸತ್ತ ಮೇಲೆ ನಾನು ಏನಾದರೂ ಮಾಡಿದೆ ಎಂದು ಅನ್ನಿಸಿದ್ದು ಆ ಒಂದು ದಿನ.

ಅದನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ಸ್ಟುಡಿಯೋದ ಬಾಗಿಲಿಗೆ ಹಾಕಿದರು. ಬಜಾರಿನ ವರ್ತಕರ ಸಂಘದ ಹಿರಿಯರು ನೋಡಿ, ತಮ್ಮ ಸಭಾಗೃಹದ ಗೋಡೆಗೆ ಬೇಕು, ಕೆಳಗೆ ನಿಮ್ಮ ಹೆಸರೂ ಬರೆಸೋಣ ಎಂದು ಕೇಳಿದ್ದರು. ನಲವತ್ತು ವರ್ಷದಲ್ಲಿ ಊರು ಅವರ ಹೆಸರು ಕೇಳಿದ್ದು ಅದೇ ಮೊದಲು. ಅವರು ಎರಡು ಹೆಸರು ಬರೆಸಬೇಕು ಎಂದುಕೊಂಡಿದ್ದರು. ನಾನು ಕೈ ಮುಗಿದು ಬೇಡವೆಂದಿದ್ದೆ.

ರಾಜ್ಯ ಆದ ದಿನ ಬಜಾರಿನ ತುಂಬ ಗುಲಾಲು, ಡೊಳ್ಳು, ಪೇಡೆ ಹಂಚುವ ಮಂದಿ. ಮಧ್ಯಾಹ್ನ ಒಂದು ಗುಂಪು ಸ್ಟುಡಿಯೋದ ಮುಂದೆ ನಿಂತಿತು. ಬಟ್ಟೆ ಅಂಗಡಿಯವರು ಕೂಗಿದರು:

"ಏನಣ್ಣಾ, ರಾಜ್ಯ ನಮ್ದಾತು, ಸಮುದ್ರ ಆಂಧ್ರದವರ ಪಾಲಾತು. ನೀ ಅವರ ಸಮುದ್ರ ಬಾಗಿಲಿಗೆ ಕಟಗೊಂಡು ಕುಂತೀಯಲ್ಲ!"

ಎಲ್ಲರೂ ನಕ್ಕರು. ಅವರೂ ನಕ್ಕರು. "ಅವರ ಸಮುದ್ರದಾಗ ಸೂರ್ಯ ಹುಟ್ತಾನ್ರಿ, ಮುಳುಗಂಗಿಲ್ಲ. ಇದು ಪಶ್ಚಿಮದ ಸಮುದ್ರ, ಗೋಕರ್ಣದ ಕಡಿದು."

"ಮುಳುಗೋ ಹೊತ್ತಿನ್ಯಾಗ ಕಲ್ಲು ಇಷ್ಟು ಚೊಲೋ ಹೆಂಗ ಕಾಣ್ತಾವ? ನನ್ನ ಫೋನಿನ್ಯಾಗ ತೆಗದ್ರ ಕರ್ರಗ ಬರ್ತಾವು" ಎಂದು ಇನ್ನೊಬ್ಬ. "ಇದು ನೆಟ್‌ನಾಗಿಂದ ಇಳಿಸಿದ್ದು. ಈ ವಯಸ್ಸಿನ್ಯಾಗ, ಈ ಕಣ್ಣಿಲೆ, ಇದನ್ನ ಇವ್ರು ಮಾಡಿದ್ರಂತ!"

ನಗು ನಿಂತಿತು. ಸಂಘದ ಹಿರಿಯರೂ ಅಲ್ಲೇ ಇದ್ದರು. "ಖರೇ ಹೇಳ್ರಿ. ನೀವ ಮಾಡಿದ್ದು ಅಂತ ನಾವು ಗ್ವಾಡಿಗೆ ಹಾಕೋರು" ಎಂದರು.

"ಮೂರು ಫೋಟೋ ನಾ ತೆಗದದ್ದು. ಕೂಡಿಸಿದವರು ಬ್ಯಾರೆ. ಒಳಗ ಅದಾರ, ನೀವ ಕೇಳ್ರಿ" ಎಂದು ಅವರು ಒಳಗೆ ತಿರುಗಿ ಕರೆದರು. "ತಂಗೆವ್ವ, ಹೊರಗ ಬರ್ರಿ!" ಆ ದನಿಯಲ್ಲಿ ಎಷ್ಟು ಹಿಗ್ಗಿತ್ತೆಂದರೆ, ನಾನು ಬೇಡವೆಂದದ್ದನ್ನು ಅವರು ಮರೆತೇ ಬಿಟ್ಟಿದ್ದರು.

ನಾನು ಶಟರಿನ ಹತ್ತಿರ ಬಂದೆ. ಗುಂಪಿನ ನಡುವೆ, ಹಣೆಯ ವಿಭೂತಿಯ ಮೇಲೆ ಗುಲಾಲು ಮೆತ್ತಿಕೊಂಡು, ನನ್ನ ಭಾವ ನಿಂತಿದ್ದರು.

ಹಿರಿಯರು ಕೇಳಿದರು, "ಏನವ್ವಾ, ಇದನ್ನ ನೀ ಕೂಡಿಸೀಯಂತ, ಹೌದೇನು?"

"ನಂಗೇನು ಗೊತ್ತಿಲ್ರಿ. ನಾ ಕಸ ಹೊಡಿಯಾಕಿ" ಎಂದೆ.

ಗುಂಪು ಘೊಳ್ಳೆಂದು ನಕ್ಕಿತು. "ಕಸ ಹೊಡಿಯಾಕಿ ಸಮುದ್ರ ಮಾಡ್ಯಾಳಂತಪೋ!" ಎಂದು ಯಾರೋ ಕೂಗಿದರು. ಸ್ಟುಡಿಯೋ ಅಣ್ಣ ನನ್ನ ಕಡೆ ನೋಡಿದರು. ನಾನು ನೋಡುತ್ತಿದ್ದ ಕಡೆ ನೋಡಿದರು, ಅಲ್ಲಿ ಭಾವ ಇದ್ದರು. ಆಮೇಲೆ ಹಿರಿಯರ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ಹೌದ್ರಿ, ಕಸ ಹೊಡಿತಾರ. ನಾನ ಏನೋ ಒಂದು ಅಂದೆ."

ಆ ಸುಳ್ಳನ್ನು ಅವರು ನನ್ನ ಸಲುವಾಗಿ ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ಹಿರಿಯರು ತಿರುಗಿ ಹೊರಟುಹೋದರು. ಸಭಾಗೃಹದ ಗೋಡೆಗೆ ಆ ಫೋಟೋ ಹೋಗಲಿಲ್ಲ. ಸಂಜೆಗೆ ಅಣ್ಣ ತಾವೇ ಸ್ಟೂಲು ಹತ್ತಿ ಫ್ಲೆಕ್ಸ್ ಬಿಚ್ಚಿದರು. ನಾನು ಒಳಗೆ ಕಸ ಹೊಡೆಯುತ್ತಿದ್ದೆ. ನಿಜವಾಗಿಯೂ ಹೊಡೆಯುತ್ತಿದ್ದೆ.

ಮರುದಿನ ಹೋದಾಗ ಕಂಪ್ಯೂಟರಿನ ಮುಂದಿನ ಕುರ್ಚಿ ನನಗಾಗಿ ಹಾಗೇ ಇತ್ತು. "ಮನಿಯಾಗ ಏನರ ಅಂದ್ರೇನು?" ಎಂದಷ್ಟೇ ಕೇಳಿದರು. ಇಲ್ಲ ಎಂದೆ. "ಹಂಗಾದ್ರ ಚೊಲೋ ಆತು" ಎಂದರು. ಅದಕ್ಕಿಂತ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈ ಮೌಸಿನ ಮೇಲೆ ಹೋಗಲಿಲ್ಲ. ತಿಂಗಳೊಳಗೆ ಮೈ ಸರಿಯಿಲ್ಲ ಎಂದು ನೆಪ ಹೇಳಿ ಬಿಟ್ಟೆ. ಅವರೂ ವರ್ಷದೊಳಗೆ ಸ್ಟುಡಿಯೋ ಬಿಟ್ಟು ಗದ್ವಾಲದಲ್ಲಿ ತಂಗಿಯ ಮನೆ ಸೇರಿದರು. ಸ್ಟುಡಿಯೋದ ಸಾಮಾನುಗಳಲ್ಲಿ ಯಾರು ಏನು ಒಯ್ದರೋ ಗೊತ್ತಿಲ್ಲ. ಒಂದು ದಿನ ಕೊತ್ತಪಲ್ಲಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ, ಹೊಲದಲ್ಲಿ ಯಾರೋ ಜೋಳದ ಸೊಪ್ಪೆಯ ಬಣವೆಗೆ ಆ ಸಮುದ್ರ ಹೊದಿಸಿದ್ದರು. ಬಂಡೆಗಳು ಮೇಲಾಗಿದ್ದವು, ಸೂರ್ಯ ಮಡಚಿ ಒಳಗೆ ಹೋಗಿದ್ದ. ನಾನು ಮುಖ ಈ ಕಡೆ ತಿರುಗಿಸಿಕೊಂಡೆ.

ತಪ್ಪಾಯಿತು ಎಂದು ಹೇಳಲೆಂದೇ ಒಮ್ಮೆ ಗದ್ವಾಲಕ್ಕೆ ಹೋದೆ. ಹೊರಸಿನ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು. ದನಿಯಿಂದಲೇ ಗುರುತಿಸಿದರು.

"ತಂಗೆವ್ವನಾ? ಬರ್ರಿ, ಬರ್ರಿ. ನಾನೇ ನಿಮ್ಮನ್ನೊಂದು ಕೇಳಬೇಕಂದಿದ್ದೆ. ಎಡಗಡಿ ಮೂಲ್ಯಾಗ ನೀರಾಗ ಮುಳುಗಿ ಏಳೋ ಸಣ್ಣ ಕಲ್ಲಿತ್ತಲ್ಲ, ಅದರ ಅಂಚು ಹೆಂಗ ಕೂಡಿಸಿದ್ರಿ? ಅಷ್ಟು ಸಲ ನೋಡಿದ್ರೂ ನಂಗ ಗೆರಿ ಸಿಗಲಿಲ್ಲ."

"ಒಮ್ಮೆಗೇ ಒರಸಲಿಲ್ರಿ. ಎಳಿ ಎಳಿ ಒರಸಿದೆ."

"ಹಂಗೇನು!" ಎಂದು ತೊಡೆ ತಟ್ಟಿಕೊಂಡರು. "ನಾ ಜಲ್ದಿ ಮಾಡ್ತಿದ್ದೆ."

ಅವರ ತಂಗಿ ಚಹಾ ಮಾಡಲು ಒಳಗೆ ಹೋದರು. ನಾವಿಬ್ಬರೇ ಇದ್ದೆವು. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಕಣ್ಣಿನ ಆಪರೇಷನ್ ಬಗ್ಗೆ ಕೇಳಿದೆ, ಬಿಸಿಲಿನ ಬಗ್ಗೆ ಕೇಳಿದೆ, ಚಹಾ ಕುಡಿದು ಎದ್ದು ಬಂದೆ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಸುದ್ದಿ ಬಂದ ದಿನ ಬಜಾರಿನಲ್ಲಿ ನಾನು ಬೇಳೆ ಕೊಳ್ಳುತ್ತ ನಿಂತಿದ್ದೆ. ಅಂಗಡಿಯವರು ಪಕ್ಕದವರಿಗೆ ಹೇಳುತ್ತಿದ್ದರು, "ಬಂಗಾರದಂಥ ಮನುಷ್ಯ. ಆ ಸಮುದ್ರದ ಫೋಟೋದ ವಿಷ್ಯದಾಗ ಅಷ್ಟ ಒಂದು ಸುಳ್ಳು ಹೇಳಿದ, ಪಾಪ." ಆಗ ನನ್ನ ಭಾವ ತೀರಿ ವರ್ಷವಾಗಿತ್ತು. ಅಂಜಬೇಕಾದವರು ಯಾರೂ ಉಳಿದಿರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ, ಬೇಳೆಯ ಚೀಲ ಹಿಡಿದು ಮನೆಗೆ ಬಂದೆ. ಅಂದಿನಿಂದ ನನಗೆ ಗೊತ್ತು, ಆ ಮಧ್ಯಾಹ್ನ ನನ್ನ ಬಾಯಿ ಕಟ್ಟಿದ್ದು ಭಾವನ ಅಂಜಿಕೆ ಒಂದೇ ಅಲ್ಲ. ಕಸ ಹೊಡೆಯುವವಳು ಎಂದರೆ ಯಾರೂ ಮುಂದೆ ಏನೂ ಕೇಳುವುದಿಲ್ಲ. ನನಗೆ ಅದು ಸುಖವಾಗಿತ್ತು. ಆ ಸುಖಕ್ಕಾಗಿ ಅವರ ಒಳ್ಳೆಯ ಹೆಸರು ಬಲಿ ಕೊಟ್ಟುಬಿಟ್ಟೆ.

ಬಾಯಿಂದ ಹೇಳಲು ಈಗಲೂ ಆಗುತ್ತಿಲ್ಲ, ಅದಕ್ಕೇ ಬರೆದಿದ್ದೇನೆ. ಆ ಫೋಟೋ ಎಲ್ಲಿಂದಲೂ ಇಳಿಸಿದ್ದಲ್ಲ. ಕಾಲು ಕೊಯ್ಯುವ ಬಂಡೆಯ ಮೇಲೆ ನಿಂತು ಮೂರು ಬಾರಿ ತೆಗೆದವರು ಸ್ಟುಡಿಯೋ ಅಣ್ಣ. ಹನ್ನೊಂದು ದಿನ ಕೂತು ಕೂಡಿಸಿದವಳು ನಾನು. ಅಲ್ಲಿ ಇಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಮಕ್ತಲಕ್ಕೆ ಬಂದಾಗ ಯಾರಾದರೂ ಆ ಮಾತು ಎತ್ತಿದರೆ ಇದನ್ನು ಓದಿ ಹೇಳಿ. ಸುಳ್ಳು ಹೇಳಿದ್ದು ನಮ್ಮ ಅಜ್ಜಿ ಎನ್ನಲು ನಾಚಬೇಡಿ. ಗೌರಿ, ನೀನು ದೊಡ್ಡವಳು, ಹಾಳೆಗಳು ನಿನ್ನ ಹತ್ತಿರ ಇರಲಿ. ನೀರು, ಗೆದ್ದಲು ತಾಗದ ಕಡೆ ಇಡು. ಒಂದು ಹಾಳೆಯೂ ಕಳೆಯದಂತೆ ನೋಡಿಕೋ ತಾಯಿ, ನನ್ನ ಹತ್ತಿರ ಇದರ ಇನ್ನೊಂದು ಪ್ರತಿ ಇಲ್ಲ.